ಉಕುಬಾಲಾ ಅಪಾಳ ಶುಕ್ರವಾರಗಳು

ಜೂರಾ ಎಳೆ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಒಂದು ಚಳಿಗಾಲ ಹೊಲಿಗೆ ಕೆಲಸಕ್ಕೆಂದು ರಾಜಧಾನಿ ಬಿಷ್ಕೆಕ್‌ಗೆ ಹೋದವಳು, ವಸಂತಕ್ಕೆ ಯೇಸುವಿನ, ಅಲ್ಲಿಯವರು ಈಸಾ ಅನ್ನುವವನ, ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದು ಮನೆಗೆ ಬಂದಳು. ಸರೋವರದ ದಕ್ಷಿಣ ದಂಡೆಯ ಆ ಮುಸ್ಲಿಮರ ಊರಿನಲ್ಲಿ ಇಂಥದ್ದನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಅವಳಿಗೆ ಮುಚ್ಚಿಡುವ ಮನಸ್ಸೂ ಇರಲಿಲ್ಲ. ಬಂದ ಸಂಜೆಯೇ ಗಂಡ ಜೆನಿಶ್‌ಗೂ ಅತ್ತೆ ಉಕುಬಾಲಾಗೂ ಚಹಾ ಬಗ್ಗಿಸಿಕೊಟ್ಟು, ಮಂಡಿಯೂರಿ ಕೂತು, ವಿಷಯ ಹೇಳಿಬಿಟ್ಟಳು.

ಜೆನಿಶ್ ಮಾತು ಕಡಿಮೆಯ ಮನುಷ್ಯ. ಕಲ್ಲಿದ್ದಲು ಲಾರಿ ಓಡಿಸುತ್ತಿದ್ದ. ಅರ್ಧ ವಾರ ಕಣಿವೆಯ ರಸ್ತೆಯಲ್ಲೇ ಇರುತ್ತಿದ್ದ. ಅವನು ಬಟ್ಟಲು ಕೆಳಗಿಟ್ಟು ತಾಯಿಯ ಮುಖ ನೋಡಿದ.

ಉಕುಬಾಲಾ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಹೊಲಿಯೋಕೆ ಅಂತ ಹೋಗಿ, ನಿನ್ನನ್ನೇ ಹರ್ಕೊಂಡು ಬಂದ್ಯಲ್ಲೇ!" ಅಂದಳು. ಆಮೇಲೆ ಬಟ್ಟಲು ಮುಂದೆ ಚಾಚಿದಳು. "ಚಹಾ ಹಾಕು. ಇದಕ್ಕೇನೂ ನಿಮ್ಮ ಈಸಾನ ಅಡ್ಡಿ ಇಲ್ಲ ತಾನೆ?"

ಜೂರಾ ಅವಳನ್ನು ಅಪಾ ಎಂದು ಕರೆಯುತ್ತಿದ್ದಳು. ಅಪಾ ಅಂದರೆ ಅಮ್ಮ. ಅತ್ತೆಗೂ ಅಲ್ಲಿ ಅದೇ ಮಾತು. ಊರೂ ಅವಳನ್ನು ಉಕುಬಾಲಾ ಅಪಾ ಅಂತಲೇ ಕರೆಯುತ್ತಿತ್ತು. ಅವಳ ನಾಲಿಗೆಗೆ ಊರೆಲ್ಲ ಹೆದರುತ್ತಿತ್ತು. ಸಾಮೂಹಿಕ ಬೇಸಾಯದ ಕಾಲದಲ್ಲಿ ಕೊಟ್ಟಿಗೆಯಲ್ಲಿ ಹಾಲು ಕರೆದೂ ಕರೆದೂ ಅವಳ ಬೆರಳುಗಳು ಒಣಗಿದ ಬೇರಿನ ಹಾಗೆ ಸೊಟ್ಟಗಾಗಿದ್ದವು. ಆದರೂ ಆ ಬೆರಳುಗಳಲ್ಲೇ ಚಿಟಿಕೆ ಹೊಡೆದು, ಎದುರಿಗಿದ್ದವರ ಬಾಯಿ ಮುಚ್ಚಿಸಿಬಿಡುತ್ತಿದ್ದಳು.

ಸುದ್ದಿ ಹಬ್ಬಿದ ಮೇಲೆ ಬಿಳಿ ಟೋಪಿಯ ಹಿರಿಯರು ಮೂವರು ಮನೆಗೆ ಬಂದರು. ಜೆನಿಶ್ ಮನೆಯಲ್ಲಿರಲಿಲ್ಲ. ಜೂರಾ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

"ಉಕುಬಾಲಾ, ಇಂಥವಳನ್ನ ಮನೇಲಿಟ್ಕೊಂಡ್ರೆ ನಾಳೆ ನಿನ್ನ ಹೆಣಕ್ಕೆ ಯಾರು ಬರ್ತಾರೆ ಹೇಳು" ಅಂದರು ಒಬ್ಬರು. "ತವರಿಗೆ ಕಳಿಸಿಬಿಡು."

ಅಪಾ ಸೌಟು ಹಿಡಿದುಕೊಂಡೇ ಅಂಗಳಕ್ಕಿಳಿದಳು. "ನನ್ನ ಹೆಣದ ಚಿಂತೆ ನಿಮಗ್ಯಾಕೆ? ಯಾರೂ ಬರದಿದ್ರೆ ನಾನೇ ಎದ್ದು ನಡ್ಕೊಂಡು ಹೋಗ್ತೀನಿ. ನನ್ನ ಸೊಸೆ ಕೆಟ್ಟವಳೋ ಒಳ್ಳೆಯವಳೋ, ಅವಳನ್ನ ಬೈಯೋ ಹಕ್ಕು ಈ ಊರಲ್ಲಿ ನನಗೊಬ್ಬಳಿಗೇ. ಕುಡಿಯೋದಿದ್ರೆ ಚಹಾ ಕುಡೀರಿ, ಇಲ್ಲಾಂದ್ರೆ ನಿಮ್ಮ ಕುದುರೆಗಳು ನನ್ನ ಜರ್ದಾಳು ಗಿಡ ತಿನ್ನೋ ಮುಂಚೆ ಹೊರಡಿ."

ಹಿರಿಯರು ಚಹಾ ಕುಡಿದೇ ಹೋದರು. ಮತ್ತೆ ಆ ಮಾತೆತ್ತಲಿಲ್ಲ. ಅಂದು ಜೂರಾ ದೇವರಿಗೆ ಉದ್ದವಾಗಿ ವಂದನೆ ಹೇಳಿದಳು. ಅತ್ತೆಗೆ ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಹೊಸ ನಂಬಿಕೆ ಅವಳಲ್ಲಿ ಆಗ ಒಲೆಯ ಹಾಗೆ ಉರಿಯುತ್ತಿತ್ತು. ಬೆಳಕು ಹರಿಯುವ ಮೊದಲೇ ಎದ್ದು, ಕಿಟಕಿಯ ಹತ್ತಿರ ಕೂತು ಬೈಬಲಿನ ವಾಕ್ಯ ಓದುತ್ತಿದ್ದಳು. ಹಸು ಕರೆಯುವಾಗ ಮೆಲ್ಲಗೆ ಹಾಡುತ್ತಿದ್ದಳು. ಭಾನುವಾರ ಬಸ್ಸು ಹಿಡಿದು ಪೇಟೆಗೆ ಹೋಗಿ, ಎರ್ನಾ ಎಜೆ, ಅಂದರೆ ಎರ್ನಾ ಅಕ್ಕ, ಎಂದು ಎಲ್ಲರೂ ಕರೆಯುತ್ತಿದ್ದ ಜರ್ಮನ್ ಮುದುಕಿಯ ಮನೆಯಲ್ಲಿ ಸೇರುವ ಪ್ರಾರ್ಥನಾಕೂಟದಲ್ಲಿ ಕೂತು ಬರುತ್ತಿದ್ದಳು. ಅತ್ತೆ ಇದನ್ನೆಲ್ಲ ನೋಡುತ್ತಿದ್ದಳು, ಸುಮ್ಮನೆ ಬಿಡುತ್ತಿರಲಿಲ್ಲ.

"ನಿನ್ನ ದೇವರಿಗೆ ನಿದ್ದೆ ಬರಲ್ವೇನೇ? ಕೋಳಿಗಿಂತ ಮುಂಚೆ ಎಬ್ಬಿಸ್ತಾನೆ."

"ಬರಲ್ಲ ಅಪಾ, ಅವನು ತೂಕಡಿಸೋನಲ್ಲ."

"ಹಾಗಾದ್ರೆ ಒಂದು ಉಪಕಾರ ಮಾಡು, ಕರು ರಾತ್ರಿ ಹಗ್ಗ ಬಿಚ್ಕೊಂಡ್ರೆ ನನ್ನನ್ನೂ ಎಬ್ಬಿಸೋಕೆ ಹೇಳು ಅವನಿಗೆ."

ಇಂಥ ಮಾತಿಗೆ ಜೂರಾ ಒಳಗೊಳಗೇ ನೊಂದುಕೊಳ್ಳುತ್ತಿದ್ದಳು. ನಂಬಿದವರಿಗೆ ಬರುವ ಹಿಂಸೆ ಇದೇ ಎಂದುಕೊಂಡಳು. ಅತ್ತೆಯ ಕಲ್ಲೆದೆ ಕರಗಲಿ ಎಂದು ದಿನವೂ ಪ್ರಾರ್ಥಿಸಿದಳು. ಆ ಮನೆಯಲ್ಲಿ ಕಲ್ಲಾಗುತ್ತಿದ್ದುದು ಯಾರ ಎದೆ ಎಂದು ಅವಳಿಗೆ ತಿಳಿಯಲು ತುಂಬ ತಡವಾಯಿತು.

ಶುಕ್ರವಾರಗಳಿಂದ ಜಗಳ ಶುರುವಾಯಿತು. ಆ ಊರಲ್ಲಿ ಶುಕ್ರವಾರ ಮನೆಮನೆಯಲ್ಲೂ ಎಣ್ಣೆ ಕಾಯಿಸಿ ಏಳು ರೊಟ್ಟಿ ಕರಿಯುತ್ತಾರೆ. ಅದರ ಘಮ ಸತ್ತುಹೋದ ತಮ್ಮವರಿಗೆ ಮುಟ್ಟುತ್ತದೆ ಎಂದು ನಂಬಿಕೆ. ಕರಿದಾದ ಮೇಲೆ ಪ್ರಾರ್ಥನೆ ಹೇಳಿ, ಅಂಗೈಯಿಂದ ಮುಖ ಸವರಿಕೊಂಡು, ರೊಟ್ಟಿಯನ್ನು ಮಕ್ಕಳಿಗೂ ನೆರೆಹೊರೆಯವರಿಗೂ ಹಂಚುತ್ತಾರೆ. ಉಕುಬಾಲಾ ಗಂಡನಿಗಾಗಿ ಕರಿಯುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ಸರೋವರದಲ್ಲಿ ಮುಳುಗಿ ಹೋದ ಹಿರಿಯ ಮಗ ಬಕಿತ್‌ಗಾಗಿ ಕರಿಯುತ್ತಿದ್ದಳು. ಅವನಿಗೆ ಆಗ ಮೀಸೆ ಕೂಡ ಚಿಗುರಿರಲಿಲ್ಲ, ಜೆನಿಶ್ ಇನ್ನೂ ತೊಟ್ಟಿಲಲ್ಲಿದ್ದ. ಜೂರಾ ಸೊಸೆಯಾಗಿ ಬರುವ ಎಷ್ಟೋ ವರ್ಷ ಮೊದಲಿನ ಮಾತು ಅದು. ಅವಳ ಮಟ್ಟಿಗೆ ಬಕಿತ್ ಗೋಡೆಯ ಮೇಲಿನ ಒಂದು ಹಳೆಯ ಫೋಟೋ, ಅಷ್ಟೆ.

ಮೊದಲಿನಿಂದಲೂ ಹಿಟ್ಟು ನಾದುವುದು ಜೂರಾಳ ಪಾಲು, ಕರಿಯುವುದು ಅತ್ತೆಯ ಪಾಲು. ಬಿಷ್ಕೆಕ್‌ನಿಂದ ಬಂದ ಮೇಲೆ ಎರಡು ಮೂರು ವಾರ ಜೂರಾ ಏನೇನೋ ನೆವ ಹೇಳಿದಳು. ಆಮೇಲೆ ನೆವ ಹೇಳುವುದೇ ಸುಳ್ಳಲ್ಲವೇ ಎನ್ನಿಸಿತು.

"ಅಪಾ, ಇನ್ಮೇಲೆ ನಾನು ಇದಕ್ಕೆ ಹಿಟ್ಟು ನಾದಲ್ಲ."

"ಯಾಕೆ, ಕೈ ನೋವಾ?"

"ಕೈ ನೋವಲ್ಲ. ಸತ್ತವರಿಗೆ ಅಂತ ಮಾಡೋದು ನನ್ನ ದೇವರಿಗೆ ಆಗಲ್ಲ."

ಉಕುಬಾಲಾ ಹಿಟ್ಟಿನ ಪಾತ್ರೆ ತನ್ನ ಕಡೆ ಎಳೆದುಕೊಂಡಳು. "ನನ್ನ ಹಿಟ್ಟಿನ ಮೇಲೆ ನಿನ್ನ ದೇವರಿಗೆ ಏನಂತೆ ಕೋಪ? ನಾನೇನು ನಿನ್ನ ಈಸಾನನ್ನ ಬಿಡು ಅಂದ್ನಾ? ಹಿಟ್ಟು ನಾದು ಅಂದೆ."

"ನೀವು ಬೇರೆ ಏನು ಹೇಳಿದ್ರೂ ಮಾಡ್ತೀನಿ ಅಪಾ."

"ಬೇರೆ ಏನೂ ಬೇಡ ನನಗೆ" ಅಂದಳು ಅತ್ತೆ. ಸೊಟ್ಟ ಬೆರಳುಗಳನ್ನು ಹಿಟ್ಟಿನಲ್ಲಿ ಊರಿ ಒತ್ತತೊಡಗಿದಳು. ಹಿಟ್ಟು ಬೆರಳಿಗೆ ಮಣಿಯಲಿಲ್ಲ. ಜೂರಾ ಅದನ್ನು ನೋಡಲಾರದೆ ಕೊಟ್ಟಿಗೆಗೆ ಹೋದಳು. ಅಲ್ಲಿ ನಿಂತು, ಬಲ ಕೊಡು ಎಂದು ಪ್ರಾರ್ಥಿಸಿದಳು. ಒಳಗಿನವಳಿಗಲ್ಲ, ತನಗೆ.

ಹೀಗೆ ಎರಡು ವರ್ಷ ನಡೆಯಿತು. ಅತ್ತೆಯ ರೊಟ್ಟಿಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಬರುತ್ತಿದ್ದವು. ಬಾಣಲೆ ಇಳಿಸುವಾಗ ಒಂದೆರಡು ಸಲ ಕೈ ಸುಟ್ಟುಕೊಂಡಳು. ಜೂರಾ ಓಡಿಬಂದು ಮುಲಾಮು ಹಚ್ಚಿದಳು. ಬಾಣಲೆಯನ್ನು ಮಾತ್ರ ಮುಟ್ಟಲಿಲ್ಲ. ಉಕುಬಾಲಾ ಬೈಯುತ್ತಲೇ ಇದ್ದಳು: "ಸುಟ್ಟ ಮೇಲೆ ಬರ್ತಾಳೆ ನಮ್ಮ ಡಾಕ್ಟರಮ್ಮ!" ಆ ಬೈಗುಳದಲ್ಲಿ ಇನ್ನೂ ಸಲಿಗೆ ಇತ್ತು.

ಆಮೇಲೆ ಆ ಶರತ್ಕಾಲದ ಶುಕ್ರವಾರ ಬಂತು. ಜೂರಾಳ ಮಗಳು ಸೆಜಿಮ್‌ಗೆ ಆಗ ನಾಲ್ಕು ವರ್ಷ. ಜೂರಾ ಜರ್ದಾಳು ಒಣಹಾಕಿದ್ದನ್ನು ಎತ್ತಿಟ್ಟು ಒಳಗೆ ಬಂದಳು. ಮಗು ಅಜ್ಜಿಯ ತೊಡೆಯ ಮೇಲೆ ಕೂತಿತ್ತು. ಕೈಯಲ್ಲಿ ಬಿಸಿ ರೊಟ್ಟಿ, ಗಲ್ಲಕ್ಕೆಲ್ಲ ಎಣ್ಣೆ. ಅಜ್ಜಿ ಅದಕ್ಕೆ ಹೇಳಿಕೊಡುತ್ತಿದ್ದಳು: "ಬಕಿತ್ ದೊಡ್ಡಪ್ಪನಿಗೆ ಮುಟ್ಟಲಿ ಅನ್ನು."

"ಬಕಿತ್ ದೊದ್ದಪ್ಪನಿಗೆ ಮುತ್ತಲಿ" ಅಂದಿತು ಮಗು.

ಜೂರಾ ಹೋಗಿ ಮಗುವಿನ ಕೈಯಿಂದ ರೊಟ್ಟಿ ಕಿತ್ತುಕೊಂಡಳು. ಕಚ್ಚಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. ಬಾಯೊಳಗಿದ್ದ ತುಂಡನ್ನೂ ಬೆರಳು ಹಾಕಿ ತೆಗೆದಳು. "ಇದನ್ನ ತಿನ್ನಬಾರದು. ಇದು ಪಾಪ" ಎಂದು ಮಗುವಿಗೆ ಹೇಳಿದಳು. ಮಗು ಅತ್ತಿತು. ಅವಳು ಅದನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ದಿನ ಅತ್ತೆ ಬೈಯಲಿಲ್ಲ. ಸಂಜೆ ಲಾರಿ ನಿಲ್ಲಿಸಿ ಬಂದ ಜೆನಿಶ್‌ಗೆ ಯಾರು ಹೇಳಿದರೋ, ಊಟದ ನಂತರ ಜೂರಾಳನ್ನು ಅಂಗಳಕ್ಕೆ ಕರೆದ.

"ಅಮ್ಮ ನಿನಗೇನು ಮಾಡಿದ್ಳು?"

"ನನಗಲ್ಲ. ಮಗುಗೆ ಕಲಿಸ್ತಿದ್ದಾರೆ."

"ಏನು ಕಲಿಸ್ತಿದ್ಳು? ನಮ್ಮಣ್ಣನ ಹೆಸರು ತಾನೆ?"

ಜೂರಾ ಬಾಯಿ ತೆರೆದಳು. ಅವನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ, ಲಾರಿಯ ಟೈರುಗಳನ್ನು ಒದ್ದು ನೋಡುತ್ತ ಆ ಕಡೆ ಹೋದ.

ಆ ಭಾನುವಾರ ಕೂಟದಲ್ಲಿ, ನಂಬಿಕೆಯಿಂದ ನಡೆದದ್ದನ್ನು ಎಲ್ಲರೆದುರು ಹೇಳಿಕೊಳ್ಳುವ ಸಾಕ್ಷಿಯ ಸಮಯ ಬಂದಾಗ ಜೂರಾ ಎದ್ದು ನಿಂತಳು. ಮಗುವಿನ ಬಾಯಿಂದ ರೊಟ್ಟಿ ತೆಗೆದದ್ದನ್ನು ವಿವರಿಸಿದಳು. ಗಂಡನೂ ಅತ್ತೆಯೂ ಮುಖ ತಿರುಗಿಸಿದರೂ ತಾನು ಕದಲಲಿಲ್ಲ ಅಂದಳು. ಕೆಲವರು ಆಮೆನ್ ಅಂದರು, ಒಬ್ಬಳು ಕೈಹಿಡಿದು ಅದುಮಿದಳು. ಜೂರಾಳ ಎದೆ ತುಂಬಿ ಬಂತು.

ಎರ್ನಾ ಮಾತ್ರ ಆಮೆನ್ ಅನ್ನಲಿಲ್ಲ. ಎಲ್ಲರೂ ಹೋದ ಮೇಲೆ ಜೂರಾ ಬಟ್ಟಲು ತೊಳೆಯಲು ನಿಂತಳು. ಮುದುಕಿ ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಬಂದಳು. ಅವಳು ಹುಟ್ಟಿದ್ದು ಬೆಳೆದದ್ದು ಅಲ್ಲಿಯೇ. ಆಡುತ್ತಿದ್ದುದೂ ಅಲ್ಲಿನ ಭಾಷೆಯೇ.

"ಆಮೇಲೆ ಅತ್ತಳಾ?" ಎಂದು ಕೇಳಿದಳು.

"ಮಗುನಾ? ಸ್ವಲ್ಪ ಹೊತ್ತು."

"ಮಗು ಅಲ್ಲ. ನಿನ್ನತ್ತೆ."

ಜೂರಾ ಯೋಚಿಸಿದಳು. "ನಾನು ನೋಡಲಿಲ್ಲ ಎರ್ನಾ ಎಜೆ."

ಎರ್ನಾ ಬಟ್ಟಲು ಒರೆಸಿ ಇಟ್ಟಳು, ಇನ್ನೊಂದನ್ನು ತೆಗೆದುಕೊಂಡಳು. "ಕರೀಬೇಕೋ ಕರೀಬಾರದೋ, ಅದು ನನಗೂ ಸರಿಯಾಗಿ ಗೊತ್ತಿಲ್ಲಮ್ಮ. ಯುದ್ಧದ ಕಾಲದಲ್ಲಿ, ಜರ್ಮನ್ನರು ಅಂತ, ನಮ್ಮಪ್ಪನ್ನ ಗಣಿ ಕೆಲಸಕ್ಕೆ ಹಿಡ್ಕೊಂಡು ಹೋದ ಮೇಲೆ, ನಮ್ಮಮ್ಮ ಕ್ರಿಸ್‌ಮಸ್‌ಗೆಲ್ಲ ಅವನಿಗೊಂದು ತಟ್ಟೆ ಇಡ್ತಿದ್ಳು. ಅವನು ಸತ್ತ ಸುದ್ದಿ ಬಂದ ಮೇಲೂ ಇಡ್ತಿದ್ಳು. ಅದು ಸರೀನೋ ತಪ್ಪೋ ಅಂತ ನಾನು ಕೇಳ್ಲಿಲ್ಲ. ಆದ್ರೆ ನೀನು ನೋಡೋದಿತ್ತಲ್ಲ, ನಿನ್ನತ್ತೆ ಮುಖ. ನೋಡೋದು ಪಾಪ ಅಂತ ಯಾರೂ ಎಲ್ಲೂ ಹೇಳಿಲ್ಲ."

ಜೂರಾಗೆ ಕೋಪ ಬಂತು. ಬಸ್ಸಿನಲ್ಲಿ ಕೂತು, ಎರ್ನಾಗೆ ವಯಸ್ಸಾಯಿತು, ನಂಬಿಕೆ ತಣ್ಣಗಾಗಿದೆ, ಅವಳಿಗಾಗಿಯೂ ಪ್ರಾರ್ಥಿಸಬೇಕು ಎಂದುಕೊಂಡಳು.

ಮುಂದಿನ ಶುಕ್ರವಾರ ಮನೆಯಲ್ಲಿ ಎಣ್ಣೆ ಕಾಯಲಿಲ್ಲ. ಉಕುಬಾಲಾ ಒಂದು ಡಬ್ಬಿಯಲ್ಲಿ ಹಿಟ್ಟು ಹಾಕಿಕೊಂಡು, ತಲೆಗೆ ಶಾಲು ಸುತ್ತಿಕೊಂಡು, ಊರಿನ ಆ ತುದಿಯಲ್ಲಿದ್ದ ಗೆಳತಿ ಬಾತ್ಮಾಳ ಮನೆಗೆ ನಡೆದು ಹೋದಳು. ಅಲ್ಲಿಯೇ ಕರಿದು, ಅಲ್ಲಿಯೇ ಹಂಚಿ, ಖಾಲಿ ಡಬ್ಬಿ ಹಿಡಿದು ಬಂದಳು. ಅದರ ಮುಂದಿನ ವಾರವೂ ಹಾಗೆಯೇ. ಊರಿನವರು ಬೇಲಿಯ ಹಿಂದಿನಿಂದ ನೋಡಿದರು. ಸ್ವಂತ ಮನೆಯಲ್ಲಿ ಸ್ವಂತ ಒಲೆ ಇದ್ದೂ ಮುದುಕಿ ಹಿಟ್ಟಿನ ಡಬ್ಬಿ ಹಿಡಿದು ಊರು ದಾಟುತ್ತಿದ್ದಾಳೆ! ಜೂರಾಗೆ ನಾಚಿಕೆಯೂ ಆಯಿತು, ಮನೆ ಶುದ್ಧವಾಯಿತೆಂಬ ಸಮಾಧಾನವೂ ಆಯಿತು. ಆಗ ಅವಳಿಗೆ ಆ ಸಮಾಧಾನವೇ ದೊಡ್ಡದಾಗಿತ್ತು.

ಚಳಿಗಾಲ ಬಂತು. ಸರೋವರ ಹೆಪ್ಪುಗಟ್ಟುವುದಿಲ್ಲ, ಆದರೆ ರಸ್ತೆಗಳು ಗಾಜಾಗುತ್ತವೆ. ಒಂದು ಶುಕ್ರವಾರ ಮಧ್ಯಾಹ್ನ ಇಬ್ಬರು ಗಂಡಸರು ಉಕುಬಾಲಾಳನ್ನು ಕಂಬಳಿಯಲ್ಲಿ ಎತ್ತಿಕೊಂಡು ಬಂದರು. ಬಾತ್ಮಾಳ ಮನೆಯ ತಿರುವಿನಲ್ಲಿ ಜಾರಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಪೇಟೆಯ ಆಸ್ಪತ್ರೆಯಿಂದ ಒಂದಷ್ಟು ದಿನಗಳ ಮೇಲೆ ಮನೆಗೆ ಕಳಿಸಿದರು. ಈ ವಯಸ್ಸಿಗೆ ಮತ್ತೆ ಕೂಡುವುದು ಕಷ್ಟ, ಮಲಗಿಸಿಯೇ ನೋಡಿಕೊಳ್ಳಿ ಎಂದರು.

ಆ ದಾರಿಯಲ್ಲಿ ಅತ್ತೆಯನ್ನು ನಡೆಸಿದ್ದು ಯಾರು ಎಂದು ಜೂರಾಗೆ ಯಾರೂ ಹೇಳಬೇಕಾಗಿರಲಿಲ್ಲ. ಜೆನಿಶ್ ಹೇಳಲಿಲ್ಲ, ಬಾತ್ಮಾಳೂ ಹೇಳಲಿಲ್ಲ.

ಒಲೆಯ ಪಕ್ಕದಲ್ಲಿ ಉಣ್ಣೆಯ ಹಾಸುಗಳನ್ನು ಒಂದರ ಮೇಲೊಂದು ಹಾಕಿ ಹಾಸಿಗೆ ಮಾಡಿದಳು. ಉಣಿಸಿದಳು, ಮೈ ಒರೆಸಿದಳು, ಕೆಳಗಿನದ್ದನ್ನು ಬಳಿದು ತೊಳೆದಳು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಿದಳು. ಬೆಳಗಿನ ಪ್ರಾರ್ಥನೆಗೆ ಮೊದಲಿನ ಹಾಗೆ ಕಿಟಕಿಯ ಹತ್ತಿರ ಕೂರುವುದು ಆಗುತ್ತಿರಲಿಲ್ಲ. ನೀರು ಕಾಯಿಸುತ್ತ, ಬಟ್ಟೆ ಹಿಂಡುತ್ತ ಒಂದೆರಡು ಮಾತು ಹೇಳಿಕೊಳ್ಳುತ್ತಿದ್ದಳು. ಬಿಷ್ಕೆಕ್‌ನಲ್ಲಿ ಕಲಿತ ದೊಡ್ಡ ದೊಡ್ಡ ಪ್ರಾರ್ಥನೆಗಳು ಬಾಯಿಗೆ ಬರುತ್ತಿರಲಿಲ್ಲ. ದೇವರೇ, ನೀರು ಹೆಚ್ಚು ಬಿಸಿಯಾಗದಿರಲಿ. ದೇವರೇ, ಇವತ್ತು ಎರಡು ಚಮಚ ಗಂಜಿಯಾದರೂ ಇಳಿಯಲಿ. ಇಷ್ಟೇ.

ಕೆಲಸ ಅವಳಿಗೆ ಭಾರವಾಗಲಿಲ್ಲ. ಭಾರವಾದದ್ದು ಬೇರೆ. ಉಕುಬಾಲಾ ಬೈಯುವುದನ್ನು ನಿಲ್ಲಿಸಿಬಿಟ್ಟಿದ್ದಳು.

"ಒಂದು ಬಟ್ಟಲು ಚಹಾ ಕೊಡ್ತೀಯಾ ಮಗಳೇ? ತೊಂದರೆ ಇಲ್ಲ ಅಂದ್ರೆ" ಅನ್ನುತ್ತಿದ್ದಳು. ಕೊಟ್ಟರೆ "ದೇವರು ಒಳ್ಳೇದು ಮಾಡಲಿ" ಅನ್ನುತ್ತಿದ್ದಳು. ಹೊರಗಿನವರ ಮನೆಗೆ ಹೋದಾಗ ಮಾತಾಡುವ ಹಾಗೆ, ಅಳೆದು, ಮೆತ್ತಗೆ. ಸೊಸೆಯ ನೆರಳು ಬಿದ್ದರೆ ಶಾಲು ಸರಿಪಡಿಸಿಕೊಳ್ಳುತ್ತಿದ್ದಳು. ಸೆಜಿಮ್ ಹತ್ತಿರ ಬಂದರೆ ತಲೆ ನೇವರಿಸಿ, "ಹೋಗು ಕಂದಾ, ಅಮ್ಮನ ಹತ್ತಿರ ಆಡ್ಕೋ" ಎಂದು ಕಳಿಸಿಬಿಡುತ್ತಿದ್ದಳು.

ಒಂದು ದಿನ ಜೂರಾ ಬೇಕೆಂದೇ ಹಾಲು ಚಹಾಕ್ಕೆ ಹಿಡಿ ಉಪ್ಪು ಸುರಿದಳು. ಹಿಂದಾಗಿದ್ದರೆ ಬಟ್ಟಲು ಅಂಗಳಕ್ಕೆ ಹಾರುತ್ತಿತ್ತು. ಸರೋವರದ ಉಪ್ಪುನೀರನ್ನೇ ಬಗ್ಗಿಸಿ ತಂದ್ಯಾ ಎಂಬ ಕೂಗು ಮೂರು ಮನೆಗೆ ಕೇಳುತ್ತಿತ್ತು. ಉಕುಬಾಲಾ ಒಂದು ಗುಟುಕು ಕುಡಿದಳು. ಸ್ವಲ್ಪ ಹೊತ್ತು ಬಟ್ಟಲಿನೊಳಗೆ ನೋಡಿದಳು. ಉಳಿದದ್ದನ್ನೂ ಮೆಲ್ಲಗೆ ಕುಡಿದು ಮುಗಿಸಿದಳು.

"ಹೇಗಿದೆ ಅಪಾ?"

"ಚೆನ್ನಾಗಿದೆ ಮಗಳೇ."

ಜೂರಾ ಬಟ್ಟಲು ಈಸಿಕೊಂಡು ಕೊಟ್ಟಿಗೆಗೆ ಹೋದಳು. ಹಸುವಿನ ಕೊರಳಿಗೆ ಹಣೆ ಒತ್ತಿ ನಿಂತಳು. ಎರಡು ಮೂರು ವರ್ಷದಿಂದ ಈ ಹೆಂಗಸಿನ ಮನಸ್ಸು ಮೆತ್ತಗಾಗಲಿ ಎಂದು ಬೇಡಿದ್ದಳು. ಈಗ, ದೇವರೇ, ಒಂದೇ ಒಂದು ಸಲ ನನ್ನನ್ನು ಬೈಯಲಿ ಎಂದು ಬೇಡಿದಳು.

ದೇವರ ಹತ್ತಿರ ಅವಳು ಕ್ಷಮೆಯನ್ನೂ ಕೇಳಿದ್ದಳು. ನೀರು ಸೇದುವಾಗ, ಬಟ್ಟೆ ಒಣಹಾಕುವಾಗ, ಎಷ್ಟು ಸಲವೋ. ದೇವರನ್ನು ಕೇಳುವುದು ಸುಲಭವಾಗಿತ್ತು. ಒಲೆಯ ಪಕ್ಕ ಮಲಗಿದ್ದವಳನ್ನು ಕೇಳಬೇಕೆಂದು ಹತ್ತಿರ ಹೋದವಳು ದಿಂಬು ಸರಿಪಡಿಸಿ ಬರುತ್ತಿದ್ದಳು. ಕಡೆಗೆ ವಸಂತ ಬಂದು, ಗಿಡಗಳು ಹೂ ಬಿಡುವ ಹೊತ್ತಿಗೆ, ಒಂದು ಶುಕ್ರವಾರ ಧೈರ್ಯ ಮಾಡಿದಳು. ಕ್ಷಮೆ ಎಂಬ ಮಾತು ಆಗಲೂ ಬರಲಿಲ್ಲ. ಬಂದದ್ದು ಬೇರೆ.

"ಅಪಾ, ಇವತ್ತು ನಾನು ಎಣ್ಣೆ ಕಾಯಿಸ್ತೀನಿ. ನೀವು ಹೇಳ್ತಾ ಹೋಗಿ, ನಾನು ಕರೀತೀನಿ."

ಉಕುಬಾಲಾ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಜೂರಾ ತಡೆದುಕೊಳ್ಳುತ್ತಿದ್ದಳು.

"ಬೇಡ ಮಗಳೇ" ಅಂದಳು. "ನಿನ್ನ ದೇವರು ನಿನ್ನ ಮೇಲೆ ಸಿಟ್ಟಾಗ್ತಾನೆ. ನನ್ನಿಂದ ನೀನ್ಯಾಕೆ ಬೈಸ್ಕೋಬೇಕು? ಈ ಚಳಿಗಾಲ ಪೂರ್ತಿ ನನಗಾಗಿ ಕಷ್ಟಪಟ್ಟಿದೀಯ. ನಾಳೆ ಅವನು ಲೆಕ್ಕ ಕೇಳಿದಾಗ ಮುದುಕಿಗೋಸ್ಕರ ಕೆಟ್ಟೆ ಅಂತ ಆಗ್ಬಾರದು."

"ಅಪಾ..."

"ನನಗೇನು ಗೊತ್ತು ಅವನ ರೀತಿನೀತಿ? ನಿನಗೆ ಗೊತ್ತು. ನೀನು ನಿನ್ನ ಮಾತು ಬಿಡಬೇಡ." ಆಮೇಲೆ ಗೋಡೆಯ ಕಡೆ ಕಣ್ಣು ಹೊರಳಿಸಿ, ಯಾರಿಗೂ ಅಲ್ಲದ ಹಾಗೆ ಹೇಳಿದಳು: "ಬಕಿತ್ ಭಾರೀ ತುಂಟ. ಕರೆದ್ರೆ ಬರ್ತಿರಲಿಲ್ಲ. ಸರೋವರದ ದಂಡೇಲಿ ಇಡೀ ದಿನ. ಕೂಗಿ ಕೂಗಿ ನನ್ನ ಗಂಟಲು ಹೋಗ್ತಿತ್ತು. ಎಣ್ಣೆ ಕಾಯೋಕೆ ಇಟ್ರೆ ಮಾತ್ರ, ಅದೆಲ್ಲಿದ್ರೂ ಓಡಿ ಬರ್ತಿದ್ದ. ಕಾಲ್ತುಂಬ ಮರಳು. ಘಮ ಬಂತು ಅಮ್ಮಾ ಅಂತ..." ಅಲ್ಲಿಗೆ ನಿಲ್ಲಿಸಿದಳು. "ಕಿಟಕಿ ಹಾಕು ಮಗಳೇ, ಗಾಳಿ."

ಜೂರಾ ಕಿಟಕಿ ಹಾಕಿದಳು. ಆ ಮನೆಯಲ್ಲಿ ಅಷ್ಟು ವರ್ಷ ಇದ್ದೂ, ನಿಮ್ಮ ಮಗ ಹೇಗಿದ್ದ ಎಂದು ಒಂದು ಸಲವೂ ಅತ್ತೆಯನ್ನು ಕೇಳಿರಲಿಲ್ಲ. ಕೇಳುವುದಕ್ಕೆ ಯಾವ ದೇವರ ಅಡ್ಡಿಯೂ ಇರಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ, ತಲೆ ತೊಳೆಸುವಾಗ, ಉಕುಬಾಲಾ ಹಠಾತ್ತನೆ ಕಿರುಚಿದಳು: "ನನ್ನೇನು ಕುರಿ ಅಂದ್ಕೊಂಡ್ಯೇನೇ, ತುಪ್ಪಳ ಕೀಳೋಕೆ ಕುದಿಯೋ ನೀರು ಸುರೀತೀಯಾ!" ಜೂರಾ ನಗುತ್ತ ಅತ್ತುಬಿಟ್ಟಳು. ತಣ್ಣೀರು ಬೆರೆಸಿದಳು. ಸಂಜೆ ಜೆನಿಶ್‌ಗೆ ಹೇಳಿದಳು: "ಅಪಾ ಇವತ್ತು ಬೈದ್ರು." ಅವನೂ ನಕ್ಕ. ಆ ವರ್ಷದಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲವಿರಬೇಕು. ಮಾರನೆಯ ಬೆಳಗ್ಗೆ ಉಕುಬಾಲಾ ಮತ್ತೆ, "ತೊಂದರೆ ಇಲ್ಲ ಅಂದ್ರೆ ಚಹಾ ಕೊಡ್ತೀಯಾ ಮಗಳೇ" ಅಂದಳು.

ಚಳಿಗಾಲದ ಮೊದಲ ಹಿಮಕ್ಕೆ ಅವಳು ಹೋದಳು. ಬೆಳಗ್ಗೆ ಗಂಜಿ ತಂದಾಗ ಕಣ್ಣು ಬಿಟ್ಟಿದ್ದಳು, ತುಟಿ ಅಲ್ಲಾಡಿತು, ಏನೆಂದು ಜೂರಾಗೆ ತಿಳಿಯಲಿಲ್ಲ. ಜೆನಿಶ್‌ನನ್ನು ಕರೆದು ಬರುವಷ್ಟರಲ್ಲಿ ಮುಗಿದಿತ್ತು.

ಅಂಗಳದಲ್ಲಿ ಬೂದು ಉಣ್ಣೆಯ ಗುಡಾರ ಎತ್ತಿದರು. ಹೆಣವನ್ನು ಅದರೊಳಗೆ ಪರದೆಯ ಹಿಂದೆ ಮಲಗಿಸಿದರು. ಮನೆಯ ಹೆಣ್ಣುಮಕ್ಕಳೂ ಸೊಸೆಯಂದಿರೂ ಗುಡಾರದ ಗೋಡೆಗೆ ಮುಖ ಮಾಡಿ ಕೂತು, ಹೋದವಳ ಗುಣ ಹಾಡಿ ಅಳಬೇಕು. ಜೂರಾ ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಬಾಗಿಲಿಗೆ ಬಂದಾಗ ಜೆನಿಶ್‌ನ ಸೋದರತ್ತೆ ಅಡ್ಡ ನಿಂತಳು.

"ಇವಳು ಒಳಗೆ ಬರೋದು ಬೇಡ. ಇವಳ ದಾರಿ ಬೇರೆ. ಅಲ್ಲಿ ಒಲೆ ಹತ್ರ ಕೆಲಸ ನೋಡ್ಕೊಳ್ಲಿ."

ಜೂರಾ ಹಿಂದಕ್ಕೆ ಹೆಜ್ಜೆ ಇಟ್ಟಳು. ಇದು ನ್ಯಾಯವೇ ಎಂದು ಅವಳಿಗನ್ನಿಸಿತ್ತು.

ಆಗ ಗುಡಾರದೊಳಗಿಂದ ಬಾತ್ಮಾಳ ಒಡಕು ದನಿ ಬಂತು. "ಅವಳು ಬರದೆ ಇನ್ಯಾರು ಬರ್ತಾರೆ? ವರ್ಷ ಪೂರ್ತಿ ಬಳಿದು ತೊಳೆದವಳು ಅವಳು. ನೀನು ಬಂದಿರೋದು ಇವತ್ತು, ಅದೂ ಮಾಂಸ ಬೇಯೋ ಹೊತ್ತಿಗೆ. ಸರಿ ಆ ಕಡೆ."

ಜೂರಾ ಬಾತ್ಮಾಳ ಪಕ್ಕದಲ್ಲಿ ಕೂತಳು. ಸುತ್ತ ಹೆಂಗಸರು ಹಾಡುತ್ತಿದ್ದರು. ಹಿಮದಲ್ಲೂ ಬತ್ತದ ಒರತೆ ನೀನು, ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸದವಳು ನೀನು. ಅವಳ ಸರದಿ ಬಂದಾಗ ಬಾಯಿ ತೆರೆದಳು. ಪದ ಬರಲಿಲ್ಲ. ಸೊಸೆಯಾಗಿ ಬಂದ ಹೊಸತರಲ್ಲಿ ಉಕುಬಾಲಾ ಇದನ್ನು ಕಲಿಸಲು ನೋಡಿದ್ದಳು. ನಾಳೆ ನನಗಾಗಿ ಹಾಡೋದು ನೀನೇ ತಾನೆ ಎಂದು ತಮಾಷೆ ಮಾಡಿದ್ದಳು. ಆಗ ಸೋಮಾರಿತನದಿಂದ ಕಲಿಯಲಿಲ್ಲ. ಆಮೇಲೆ ನಂಬಿಕೆಯ ಹೆಸರಲ್ಲಿ ಕಲಿಯಲಿಲ್ಲ. ಈಗ ಗೋಡೆಯ ಉಣ್ಣೆಗೆ ಹಣೆ ಹಚ್ಚಿ, "ಅಪಾ, ನನ್ನನ್ನ ಕ್ಷಮಿಸಿ" ಎಂದಷ್ಟೇ ಅಂದಳು. ಜೋರಾಗಿಯೇ ಅಂದಳು. ಕೇಳಬೇಕಾದವಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಕೇಳಿಸಿತು.

ಹಿಮ ಕರಗಿ ರಸ್ತೆ ತೆರೆದ ಮೇಲೆ ಜೂರಾ ಮತ್ತೆ ಕೂಟಕ್ಕೆ ಹೋಗತೊಡಗಿದಳು. ಅತ್ತೆಯನ್ನು ನೋಡಿಕೊಂಡ ಬಗ್ಗೆ ಅಲ್ಲಿ ಎಲ್ಲರೂ ಹೊಗಳಿದರು. ಸಾಕ್ಷಿ ಹೇಳು, ಕಿರಿಯರಿಗೆ ಮಾದರಿಯಾಗುತ್ತದೆ ಅಂದರು. ಅವಳು ಏಳಲಿಲ್ಲ. ಬಟ್ಟಲು ತೊಳೆಯುವಾಗ ಎರ್ನಾಗೆ ಮಾತ್ರ ಹೇಳಿದಳು: "ಅಪಾ ನನ್ನ ನಂಬಿಕೆ ಕಾಪಾಡೋಕೆ ನೋಡಿದ್ರು ಎಜೆ. ನಾನು ಅವರದ್ದನ್ನ ಮಗುವಿನ ಬಾಯಿಂದ ಕಿತ್ತೆ." ಎರ್ನಾ ಅವಳ ಕೈಯಿಂದ ಬಟ್ಟಲು ತೆಗೆದಿಟ್ಟು, ಒದ್ದೆ ಕೈಗಳನ್ನು ತನ್ನ ಬಟ್ಟೆಯಲ್ಲಿ ಒರೆಸಿ, ಹಿಡಿದುಕೊಂಡು ನಿಂತಳು.

ಜೂರಾಳ ನಂಬಿಕೆ ಹೋಗಲಿಲ್ಲ. ಬೇರೆ ಥರದ್ದಾಯಿತು. ಮೊದಲು ಅವಳು ದೇವರ ಪರವಾಗಿ ಮನೆಯಲ್ಲಿ ಕಾವಲು ನಿಂತವಳ ಹಾಗೆ ಇದ್ದಳು. ಈಗ ಬೆಳಗ್ಗೆ ಕಿಟಕಿಯ ಹತ್ತಿರ ಕೂತರೆ ಕೇಳುವುದು ಒಂದೇ: ಇವತ್ತು ನನ್ನೆದುರು ಯಾರ ಮುಖವಿದೆಯೋ ಅದು ನನಗೆ ಕಾಣಲಿ.

ಜರ್ದಾಳು ಹೂ ಉದುರುವ ಹೊತ್ತಿನ ಒಂದು ಶುಕ್ರವಾರ, ಮಗಳ ಕೈಹಿಡಿದು ಬಾತ್ಮಾಳ ಮನೆಗೆ ಹೋದಳು. ಬಾತ್ಮಾ ಒಬ್ಬಳೇ ಇದ್ದಳು. ಹಿಟ್ಟಿಗೆ ನೀರು ಹಾಕುತ್ತಿದ್ದಳು.

"ಏನಮ್ಮಾ, ದಾರಿ ತಪ್ಪಿತಾ?" ಅಂದಳು.

"ಅಪಾಗೆ ಅಂತ ಕರೀತಿದ್ದೀರಾ?"

"ಇನ್ಯಾರಿಗೆ? ನಮ್ಮ ಮುದುಕ, ನಿಮ್ಮತ್ತೆ, ನಿಮ್ಮತ್ತೆ ಮಗ. ಏಳರಲ್ಲಿ ಎಲ್ರಿಗೂ ಸಾಕಾಗುತ್ತೆ."

"ನಾನು ನಾದಿಕೊಡ್ಲಾ? ಪ್ರಾರ್ಥನೆ ನೀವು ಹೇಳಿ. ನಾನು ಸುಮ್ಮನೆ ಕೂತಿರ್ತೀನಿ."

ಬಾತ್ಮಾ ಅವಳನ್ನು ಓರೆಗಣ್ಣಲ್ಲಿ ನೋಡಿ ಪಾತ್ರೆ ಮುಂದೆ ತಳ್ಳಿದಳು. "ಗಟ್ಟಿಯಾಗಿ ನಾದು. ಉಕುಬಾಲಾ ಇದ್ದಿದ್ರೆ ಈ ಹಿಟ್ಟು ನೋಡಿ ನಿನ್ನ ಮುಖಕ್ಕೆ ಎಸೀತಿದ್ಳು."

ಜೂರಾ ನಾದಿದಳು. ಇದು ಸರಿಯೋ ತಪ್ಪೋ ಅವಳಿಗೆ ಗೊತ್ತಿರಲಿಲ್ಲ. ಕೂಟದಲ್ಲಿ ಕೇಳಿದರೆ ತಪ್ಪು ಅನ್ನುವವರೇ ಹೆಚ್ಚು. ಆದರೆ ಒಬ್ಬ ಮುದುಕಿಯ ಪಕ್ಕದಲ್ಲಿ ಹಿಟ್ಟು ನಾದಿ, ಅವಳು ತನ್ನವರನ್ನು ನೆನೆಯುವಾಗ ಸುಮ್ಮನೆ ಕೂರುವುದು ಇಷ್ಟು ಸಣ್ಣ ಕೆಲಸ. ಇದನ್ನು ತನ್ನ ಮನೆಯ ಒಲೆಯ ಮುಂದೆ ಎಷ್ಟು ಶುಕ್ರವಾರ ಮಾಡಬಹುದಾಗಿತ್ತು ಎಂಬುದೇ ಅವಳನ್ನು ಕೊರೆಯಿತು. ಬಾತ್ಮಾ ಪ್ರಾರ್ಥನೆ ಹೇಳಿ ಮುಖ ಸವರಿಕೊಂಡಳು. ಜೂರಾ ತಲೆ ತಗ್ಗಿಸಿ, ತನ್ನ ದೇವರಿಗೆ ಅತ್ತೆಯ ಹೆಸರನ್ನೂ ಬಾತ್ಮಾಳ ಹೆಸರನ್ನೂ ಹೇಳಿದಳು.

ಬಾತ್ಮಾ ಬಿಸಿ ರೊಟ್ಟಿಯೊಂದನ್ನು ಸೆಜಿಮ್‌ಗೆ ಚಾಚಿದಳು. "ತಗೋ ಪುಟ್ಟಾ."

ಮಗು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿತು. ತಾಯಿಯ ಮುಖ ನೋಡಿತು.

"ತಗೋ, ತಿನ್ನು" ಅಂದಳು ಜೂರಾ.

"ಬೇಡ. ಅದು ಪಾಪ."

"ಇಲ್ಲ ಕಂದಾ. ಅಮ್ಮ ಅವತ್ತು ತಪ್ಪು ಮಾಡಿದೆ. ತಿನ್ನು."

ಮಗು ತುಸು ಹೊತ್ತು ಯೋಚಿಸಿತು. ದೊಡ್ಡವರು ಹೇಳಿದರೆಂದು ರೊಟ್ಟಿಯನ್ನು ಎರಡು ಬೆರಳಲ್ಲಿ ಈಸಿಕೊಂಡಿತು. ಬಾಯಿಗೆ ಇಡಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು, ಬೆರಳನ್ನು ಫ್ರಾಕಿಗೆ ಒರೆಸಿಕೊಂಡು ಬಂದು ತಾಯಿಗೆ ಅಂಟಿ ಕೂತಿತು.

ಜೂರಾ ಕಿಟಕಿಯ ಕಡೆ ನೋಡಲಿಲ್ಲ. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಅವಳ ತಲೆಯ ಮೇಲೆ ಗಲ್ಲ ಊರಿ, "ನಿನಗೊಬ್ಬ ದೊಡ್ಡಪ್ಪ ಇದ್ದ, ಗೊತ್ತಾ? ಭಾರೀ ತುಂಟ" ಎಂದು ಶುರುಮಾಡಿದಳು. ಅವಳಿಗೆ ಗೊತ್ತಿದ್ದದ್ದು ಕಾಲ್ತುಂಬ ಮರಳು, ಓಡಿಬರುವುದು, ಅಷ್ಟೆ. ಎರಡು ಮಾತಿಗೆ ಮುಗಿದುಹೋಯಿತು.

"ಆಮೇಲೆ?" ಎಂದು ಕೇಳಿತು ಮಗು.

ಜೂರಾ ಬಾತ್ಮಾಳ ಮುಖ ನೋಡಿದಳು. ಬಾತ್ಮಾ ಬಾಣಲೆಯ ಕೆಳಗಿನ ಉರಿ ಹಿಂದಕ್ಕೆಳೆದು, ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. "ಅದೆಲ್ಲ ಉಕುಬಾಲಾಗೇ ಗೊತ್ತಿತ್ತಮ್ಮ" ಅಂದಳು.